ಬೋರ್ಡ್ ಔಟ್ ಆದ ತಮ್ಮ: ಮೊದಲು ಕಾಗದ ತರಿಸಿ, ವಾದ ಆಮೇಲೆ

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರ, ಸಂಕ್ಷೇಪವಾಗಿ:

“ನನ್ನ ತಮ್ಮ 2009ರಲ್ಲಿ ಸೇನೆಗೆ ಸೇರಿದ. 2016ರಲ್ಲಿ ಕಾಶ್ಮೀರದಲ್ಲಿದ್ದಾಗ ನನ್ನ ಮದುವೆಗೆ ರಜೆ ಕೇಳಿದ್ದ, ಸಿಗಲಿಲ್ಲ. ನಮಗೆ ತಂದೆ ಇಲ್ಲ, ಮನೆಗೆ ಇವನೊಬ್ಬನೇ ಗಂಡುಮಗ. ಎರಡು ತಿಂಗಳೊಳಗೆ ನಿದ್ದೆ ಕೆಟ್ಟು, ಎಲ್ಲರೂ ತನ್ನ ಮೇಲೆ ಮಸಲತ್ತು ಮಾಡುತ್ತಿದ್ದಾರೆ ಎನ್ನತೊಡಗಿದನಂತೆ. ಮಿಲಿಟರಿ ಆಸ್ಪತ್ರೆಗೆ ಸೇರಿಸಿದರು. ಸ್ಕಿಜೋಫ್ರೇನಿಯಾ ಎಂದು ಬರೆದು 2017ರಲ್ಲಿ ಬೋರ್ಡ್ ಔಟ್ ಮಾಡಿದರು, ಅಂದರೆ ವೈದ್ಯಕೀಯ ಮಂಡಳಿಯ ವರದಿಯ ಮೇಲೆ ಸೇವೆಯಿಂದ ಬಿಡಿಸಿದರು. ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ, ಆದ್ದರಿಂದ ಪಿಂಚಣಿಯಿಲ್ಲ ಎಂದು ಪತ್ರ ಬಂತು. ನಾವು ಸುಮ್ಮನಾದೆವು. ಈಗ ಮೂರು ವರ್ಷದಿಂದ ಮಾತ್ರೆಯಿಲ್ಲದೆ ಚೆನ್ನಾಗಿದ್ದಾನೆ, ತೋಟ ನೋಡಿಕೊಳ್ಳುತ್ತಾನೆ. ಆ ಹಣೆಪಟ್ಟಿ ತೆಗೆಸಬಹುದೇ? ವಾಪಸ್ ಸೇವೆಗೆ ತೆಗೆದುಕೊಳ್ಳುತ್ತಾರೆಯೇ? ನಿಮ್ಹಾನ್ಸ್ ಸರ್ಟಿಫಿಕೇಟ್ ತಂದರೆ ಸಾಕೇ?”

ಸಂಪಾದಕರ ಉತ್ತರ:

ಸಹೋದರಿ, ನಿಮ್ಮ ತಮ್ಮನ ಹೆಸರನ್ನೂ ರೆಜಿಮೆಂಟಿನ ಹೆಸರನ್ನೂ ನಾವೇ ಕೈಬಿಟ್ಟಿದ್ದೇವೆ. ಉತ್ತರ ಮಾತ್ರ ಪೂರ್ತಿ ಕೊಡುತ್ತೇವೆ, ಏಕೆಂದರೆ ಇಂಥದೇ ಕಾಗದ ಹಿಡಿದು ಕೂತ ಮನೆಗಳು ಕೊಡಗಿನಲ್ಲೂ ಬೆಳಗಾವಿಯಲ್ಲೂ ಇದ್ದಾವು.

ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಹಾನ್ಸ್ ಸರ್ಟಿಫಿಕೇಟ್ ಒಂದೇ ಸಾಲದು. ಬೋರ್ಡು ತಪ್ಪು ಮಾಡಿತೇ ಎಂದು ನೋಡುವವರು ತೆರೆಯುವುದು ಅಂದಿನ ಕಡತ. ಇಂದು ಮನಸ್ಸು ಸ್ವಸ್ಥವಾಗಿದೆ ಎಂಬ ಚೀಟಿ ತೋರಿಸಿದರೆ, ಚಿಕಿತ್ಸೆ ಫಲಿಸಿತು ಎಂದು ಸರ್ಕಾರಿ ವಕೀಲರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮರಳಿ ಸೇವೆಗೆ ಸೇರುವ ಆಸೆಯನ್ನೂ ಬದಿಗಿಡಿ: ಇಷ್ಟು ವರ್ಷದ ವಿಳಂಬ, ದಾಟಿದ ವಯಸ್ಸು, ಕೈಗೆ ಮತ್ತೆ ಆಯುಧ ಕೊಡುವ ಪ್ರಶ್ನೆ, ಮೂರೂ ಅಡ್ಡ ಬರುತ್ತವೆ. ಆದರೆ ನೀವು ಹಾದುಹೋಗುವಾಗ ಬರೆದ ಸಾಲೊಂದಿದೆಯಲ್ಲ, ತಂದೆಯಿಲ್ಲದ ಮನೆಯ ಒಬ್ಬನೇ ತಮ್ಮನಿಗೆ ಅಕ್ಕನ ಮದುವೆಗೆ ರಜೆ ಸಿಗಲಿಲ್ಲ ಎಂಬುದು, ಪ್ರಕರಣದ ಜೀವ ಇರುವುದು ಅಲ್ಲಿ.

ಅದಕ್ಕೆ ಬರುವ ಮುನ್ನ ಒಂದು ಆಯ್ಕೆ ಸ್ಪಷ್ಟವಾಗಬೇಕು. ಬೋರ್ಡ್ ಔಟ್ ಪ್ರಶ್ನಿಸಲು ಎರಡು ದಾರಿಗಳಿವೆ. “ಕಾಯಿಲೆಯೇ ಇರಲಿಲ್ಲ, ತಪ್ಪು ಹೆಸರು ಹಚ್ಚಿದರು” ಎಂಬುದು ಒಂದು. “ಕಾಯಿಲೆ ಬಂತು, ಆದರೆ ಸೇವೆಯಿಂದ ಬಂತು, ಇಲ್ಲವೇ ಸೇವೆಯಿಂದ ಹೆಚ್ಚಾಯಿತು” ಎಂಬುದು ಇನ್ನೊಂದು. ಮನೆಯವರು ಸಿಟ್ಟಿನಲ್ಲಿ ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕುತ್ತಾರೆ. ಆಗ ಮೊದಲ ಪುಟದ ವಾದವೇ ಎರಡನೇ ಪುಟದ ವಾದವನ್ನು ಕೊಲ್ಲುತ್ತದೆ. ಕಡತ ಓದುವವರೆಗೂ ಯಾವ ದಾರಿ ಎಂದು ತೀರ್ಮಾನಿಸಬೇಡಿ, ಯಾರಿಗೂ ಬರೆದು ಕೊಡಬೇಡಿ.

ಕಡತ ತರಿಸುವುದು ಹೀಗೆ. ಮಾಹಿತಿ ಹಕ್ಕಿನ ಅರ್ಜಿ ಎರಡು ಕಡೆಗೆ ಹೋಗಲಿ: ತಮ್ಮನ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಮತ್ತು ಬೋರ್ಡು ಕೂತ ಆಸ್ಪತ್ರೆಗೆ. (ಬೇರೆ ಓದುಗರಿಗಾಗಿ: ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಕಾರ್ಡ್ಸ್ ಬೆಳಗಾವಿಯಲ್ಲಿದೆ, ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ, ಆರ್ಟಿಲರಿಯದು ನಾಶಿಕ್ ರೋಡ್ ಕ್ಯಾಂಪಿನಲ್ಲಿ, ಸಿಗ್ನಲ್ಸ್‌ನದು ಜಬಲ್‌ಪುರದಲ್ಲಿ, ಇಎಂಇಯದು ಸಿಕಂದರಾಬಾದಿನಲ್ಲಿ.) ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಪ್ರತಿ ಪುಟದ ನಕಲಿಗೆ ಎರಡು ರೂಪಾಯಿ, ಉತ್ತರಕ್ಕೆ 30 ದಿನ, ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅರ್ಜಿಗೆ ಸಹಿ ತಮ್ಮನದೇ ಆಗಿರಬೇಕು. ಅಕ್ಕನೋ ಅಮ್ಮನೋ ಕೇಳಿದರೆ ಬೇರೆಯವರ ಖಾಸಗಿ ಮಾಹಿತಿ ಎಂದು ತಿರಸ್ಕರಿಸಲು ದಾರಿಯಾಗುತ್ತದೆ. ಸರ್ವೀಸ್ ನಂಬರ್, ಸೇರಿದ ಮತ್ತು ಬಿಟ್ಟ ತಾರೀಖು, ಡಿಸ್ಚಾರ್ಜ್ ಬುಕ್ಕಿನ ಮೊದಲ ಪುಟದ ನಕಲು ಜೊತೆಗಿರಲಿ. ಪಿಂಚಣಿ ಇಲ್ಲದವರ ಸೇವಾ ದಾಖಲೆಗಳನ್ನು 25 ವರ್ಷದ ನಂತರ ನಾಶ ಮಾಡುವ ನಿಯಮ ಸೇನೆಯಲ್ಲಿದೆ. ನಿಮಗೆ ಇನ್ನೂ ಸಮಯವಿದೆ. 2000ರ ದಶಕದ ಮೊದಲ ವರ್ಷಗಳಲ್ಲಿ ಬೋರ್ಡ್ ಔಟ್ ಆದವರ ಮನೆಯವರು ಇದನ್ನು ಓದುತ್ತಿದ್ದರೆ ಈ ವಾರವೇ ಅರ್ಜಿ ಹಾಕಲಿ.

“ಎಲ್ಲ ವೈದ್ಯಕೀಯ ದಾಖಲೆ ಕೊಡಿ” ಎಂದು ಬರೆದರೆ ಕೊನೆಯ ನಾಲ್ಕು ಪುಟ ಬರುತ್ತವೆ. ಹೆಸರು ಹಿಡಿದು ಕೇಳಿ: ಸೇರ್ಪಡೆಯ ದಿನದ ವೈದ್ಯಕೀಯ ಪರೀಕ್ಷೆಯ ಹಾಳೆ, ಮನೋವೈದ್ಯರ ಬಳಿ ಕಳುಹಿಸುವಾಗ ಕಮಾಂಡಿಂಗ್ ಆಫೀಸರ್ ತುಂಬುವ ಸೇನಾ ವೈದ್ಯಕೀಯ ನಮೂನೆ ಎಎಫ್‌ಎಂಎಸ್‌ಎಫ್–10, ವಾರ್ಡಿನ ಕೇಸ್ ಶೀಟ್, ನರ್ಸಿಂಗ್ ಟಿಪ್ಪಣಿ ಸಹಿತ, ಆರೋಗ್ಯದ ದರ್ಜೆ (ಕ್ಯಾಟಗರಿ) ಇಳಿಸಿದ ಎಎಫ್‌ಎಂಎಸ್‌ಎಫ್–15, ಕೊನೆಯ ಬೋರ್ಡಿನ ನಡಾವಳಿಯಾದ ಎಎಫ್‌ಎಂಎಸ್‌ಎಫ್–16, ಪಿಂಚಣಿ ನಿರಾಕರಿಸಿದ ಟಿಪ್ಪಣಿ, ಮತ್ತು 2015, 2016ರ ರಜೆಯ ದಾಖಲೆ.

ಕೈಗೆ ಬಂದಮೇಲೆ ಎಎಫ್‌ಎಂಎಸ್‌ಎಫ್–10ರಿಂದ ಓದಲು ತೊಡಗಿ. ಅದನ್ನು ಬರೆದವರು ವೈದ್ಯರಲ್ಲ. ನಡತೆ, ಕೆಲಸ, ಕುಡಿತ, ಮನೆಯ ತಾಪತ್ರಯ, ಶಿಸ್ತಿನ ಕ್ರಮ ಎಲ್ಲ ಅದರಲ್ಲಿ ಬಂದಿರುತ್ತದೆ. ವಿಚಿತ್ರವೆಂದರೆ ಅದು ಎರಡೂ ಕಡೆಗೆ ಸಾಕ್ಷಿ ಹೇಳಬಲ್ಲದು. ರಜೆಯ ವಿಚಾರಕ್ಕೆ ಕುಗ್ಗಿಹೋಗಿದ್ದ ಎಂದು ಅಧಿಕಾರಿಯೇ ಬರೆದಿದ್ದರೆ ನಿಮಗೆ ಅದಕ್ಕಿಂತ ಗಟ್ಟಿ ಕಾಗದ ಬೇರೆ ಬೇಡ. ಬರೇ ಜಗಳ, ಅವಿಧೇಯತೆ ಎಂದಿದ್ದು, ವಾರ್ಡಿನ ಟಿಪ್ಪಣಿಯಲ್ಲೂ ಭ್ರಮೆಯ ಲಕ್ಷಣ ದಾಖಲಾಗಿಲ್ಲದಿದ್ದರೆ ಮೊದಲ ದಾರಿಗೆ ಜೀವ ಬರುತ್ತದೆ.

ರೋಗದ ಹೆಸರನ್ನು ಪರೀಕ್ಷಿಸುವುದು ತಾರೀಖುಗಳಿಂದ. ಆಗ ಬಳಕೆಯಲ್ಲಿದ್ದ, ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣವಾದ ಐಸಿಡಿ–10ರ ಪ್ರಕಾರ ಸ್ಕಿಜೋಫ್ರೇನಿಯಾ ಎನ್ನಲು ಮುಖ್ಯ ಲಕ್ಷಣಗಳು ಒಂದು ತಿಂಗಳಾದರೂ ಇರಬೇಕು. ಅದಕ್ಕಿಂತ ಕಡಿಮೆ ಅವಧಿಯಲ್ಲಿ ಬಂದು ಇಳಿಯುವ, ಕೆಲವೊಮ್ಮೆ ತೀವ್ರ ಒತ್ತಡದ ಬೆನ್ನಿಗೇ ಕಾಣುವ ಮನೋವಿಕಲತೆಗೆ ಬೇರೆಯೇ ಶೀರ್ಷಿಕೆ, ಎಫ್–23, ಇದೆ. ಕುಡಿತ ಬಿಟ್ಟಾಗ ಬರುವ ಭ್ರಮೆಗೂ ತಲೆಪೆಟ್ಟಿನ ನಂತರದ್ದಕ್ಕೂ ಪ್ರತ್ಯೇಕ ಹೆಸರುಗಳಿವೆ. ಮೊದಲ ಲಕ್ಷಣ ಯಾವತ್ತು, ಆಸ್ಪತ್ರೆಗೆ ಯಾವತ್ತು, ಸ್ಕಿಜೋಫ್ರೇನಿಯಾ ಎಂದು ಮೊದಲು ಬರೆದದ್ದು ಯಾವತ್ತು, ಎಷ್ಟು ದಿನದಲ್ಲಿ ಲಕ್ಷಣ ಇಳಿಯಿತು, ಯಾವ ಔಷಧ ಎಷ್ಟು ಮಿಲಿಗ್ರಾಂ: ಇವನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು, ಕೇಸ್ ಶೀಟಿನ ಜೊತೆ ನಿಮ್ಹಾನ್ಸಿಗೆ ಒಯ್ಯಿರಿ. ಅಲ್ಲಿ ಕೇಳಬೇಕಾದದ್ದು “ಈಗ ಹುಷಾರಿದ್ದಾನೆ” ಎಂಬ ಚೀಟಿಯನ್ನಲ್ಲ. ಹಳೆಯ ದಾಖಲೆ ಓದಿ, ಅಂದಿನ ಲಕ್ಷಣಗಳಿಗೆ ಅಂದಿನ ಹೆಸರು ಹೊಂದುತ್ತದೆಯೇ ಎಂಬ ಅಭಿಪ್ರಾಯವನ್ನು. ಊರಿಗೆ ಬಂದಮೇಲೆ ಬೇರೆ ಆಸ್ಪತ್ರೆಯಲ್ಲಿ ತೋರಿಸಿದ್ದರೆ ಅಲ್ಲಿನ ದಾಖಲೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ತಮ್ಮನ ಹಕ್ಕು.

ಹೆಸರು ತಪ್ಪೆಂದು ಹೇಳಲು ಆಧಾರ ಸಿಕ್ಕರೆ ವೀರ್‌ಪಾಲ್ ಸಿಂಗ್ ಪ್ರಕರಣದ 2013ರ ತೀರ್ಪು ನೆರವಿಗಿದೆ. ಅದೂ ಸ್ಕಿಜೋಫ್ರೇನಿಯಾ ಎಂದು ಹೊರಹಾಕಿದ ಸೈನಿಕನದೇ. ವೈದ್ಯಕೀಯ ಮಂಡಳಿಯ ಮಾತಿಗೆ ಬೆಲೆಯಿದೆ, ಹಾಗೆಂದು ಅದು ಪ್ರಶ್ನಾತೀತವಲ್ಲ ಎಂದ ಸುಪ್ರೀಂ ಕೋರ್ಟು ಪುನರ್‌ಪರಿಶೀಲನಾ ಮಂಡಳಿ ರಚಿಸಲು ಹೇಳಿತು. ಹಣೆಪಟ್ಟಿ ತೆಗೆಸುವ ದಾರಿ ಇರುವುದು ಇದೊಂದೇ.

ಆದರೂ ನೀವು ಬರೆದದ್ದನ್ನು ನೋಡಿದರೆ ಎರಡನೇ ದಾರಿಯೇ ಗಟ್ಟಿ ಅನಿಸುತ್ತದೆ. ಸೇನಾ ಪಿಂಚಣಿ ಕುರಿತು ವೈದ್ಯಾಧಿಕಾರಿಗಳಿಗೆಂದೇ ಒಂದು ಕೈಪಿಡಿ ಇದೆ. ತಮ್ಮ ಹೊರಬಂದಾಗ ಜಾರಿಯಲ್ಲಿದ್ದದ್ದು 2002ರದು, 2008ರಲ್ಲಿ ತಿದ್ದಿದ್ದು. ಅದರ 54ನೇ ಪ್ಯಾರಾ ಮಾನಸಿಕ ಕಾಯಿಲೆಗಳದ್ದು. ಬಂಡುಕೋರರ ವಿರುದ್ಧದ ಕಾರ್ಯಾಚರಣೆಯ ಪ್ರದೇಶ, ಅತಿ ಎತ್ತರದ ಪ್ರದೇಶ, ತೀರಾ ಒಂಟಿ ಠಾಣೆ, ಇಂಥ ಕಡೆ ಸೇವೆಯಲ್ಲಿದ್ದಾಗ ಕಾಯಿಲೆ ಕಾಣಿಸಿದರೆ ಅದಕ್ಕೆ ಸೇವೆಯೇ ಕಾರಣ ಎಂದು ಒಪ್ಪಬೇಕು ಎನ್ನುತ್ತದೆ. ಇನ್ನೊಂದು ಪಟ್ಟಿ ರಜೆಯದು. ಸೇವೆಯ ತುರ್ತಿನಿಂದ ರಜೆ ನಿರಾಕರಿಸಿ ಮೂರು ತಿಂಗಳೊಳಗೆ ಕಾಯಿಲೆ ಬಂದರೆ, ಸೇವೆಯಿಂದ ಉಲ್ಬಣವಾಯಿತೆಂದು ಒಪ್ಪಬೇಕಾದ ಸಂದರ್ಭಗಳು: ಒಬ್ಬನೇ ಮಗನಾಗಿದ್ದು ತಂದೆ ಅಥವಾ ತಾಯಿ ತೀರಿಕೊಂಡದ್ದು, ಹೆಂಡತಿ ಮಕ್ಕಳ ಸಾವು, ಮನೆಯವರ ಮೇಲೆ ಘೋರ ಅಪರಾಧ ನಡೆದದ್ದು, ಮನೆಯವರ ಜೀವಕ್ಕೆ ಕುತ್ತಾಗುವ ಪ್ರಕೃತಿ ವಿಕೋಪ, ಮಕ್ಕಳ ಮದುವೆ, ಮತ್ತು ಒಬ್ಬನೇ ಸಹೋದರನಿರುವ ಅಕ್ಕ ಅಥವಾ ತಂಗಿಯ ಮದುವೆ, ಅದರಲ್ಲೂ ತಂದೆ ಇಲ್ಲದಿದ್ದಾಗ. ನಿಮ್ಮ ಮನೆಯ ಕಥೆ ಈ ಕೊನೆಯ ಸಾಲಿಗೆ ಅಕ್ಷರಶಃ ಹೊಂದುತ್ತದೆ.

ತೊಡಕು ಇರುವುದು ರುಜುವಾತಿನಲ್ಲಿ. ರಜೆಯನ್ನು ಬಾಯಿಮಾತಲ್ಲೇ ನಿರಾಕರಿಸಿರುತ್ತಾರೆ. ಹಾಗಾಗಿ ಸುತ್ತಲಿನ ಕಾಗದ ಕೂಡಿಸಿ: ನಿಮ್ಮ ಲಗ್ನಪತ್ರಿಕೆ, ಮದುವೆ ನೋಂದಣಿಯ ಪ್ರತಿ, ತಂದೆಯ ಮರಣ ಪ್ರಮಾಣಪತ್ರ, ಒಬ್ಬನೇ ಗಂಡುಮಗ ಎಂದು ತೋರಿಸುವ ವಂಶವೃಕ್ಷ, ಆ ತಿಂಗಳು ತಮ್ಮ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶಗಳು, ಮತ್ತು ಆ ದಿನಗಳಲ್ಲಿ ಆತ ರಜೆಯ ಮೇಲಿರಲಿಲ್ಲ ಎಂದು ಹೇಳುವ ರಜೆ ದಾಖಲೆ. ಹಳೇ ಫೋನನ್ನು ಯಾರಿಗೂ ಕೊಟ್ಟುಬಿಡಬೇಡಿ.

ಎಎಫ್‌ಎಂಎಸ್‌ಎಫ್–16ರಲ್ಲಿ ಮೂರು ಕಡೆ ಕಣ್ಣಿಡಿ. ಸೇವೆ ಸಲ್ಲಿಸಿದ ಜಾಗಗಳ ಪಟ್ಟಿಯಲ್ಲಿ ಪ್ರತಿ ಜಾಗದ ಮುಂದೆ ಫೀಲ್ಡ್ (ಕಾರ್ಯಾಚರಣೆಯ ಜಾಗ) ಅಥವಾ ಪೀಸ್ (ಶಾಂತಿಯ ಠಾಣೆ) ಎಂದಿರುತ್ತದೆ. ಕಾಶ್ಮೀರದ ಕಾರ್ಯಾಚರಣೆಯ ಅವಧಿ ಪೀಸ್ ಎಂದು ನಮೂದಾಗಿದ್ದರೆ 54ನೇ ಪ್ಯಾರಾ ಕೈತಪ್ಪುತ್ತದೆ, ಮೊದಲು ಅದನ್ನು ತಿದ್ದಿಸಲು ಬರೆಯಿರಿ. ಎರಡನೆಯದು ಕುಟುಂಬದ ಇತಿಹಾಸ. ವಾರ್ಡಿನಲ್ಲಿ ಕೂತು “ನಮ್ಮಜ್ಜಿಗೂ ತಲೆ ಸರಿಯಿರಲಿಲ್ಲ” ಎಂದು ಹುಡುಗ ಹೇಳಿದ ಒಂದು ಮಾತು ವಂಶಪಾರಂಪರ್ಯದ ರೋಗವಾಗಿ ಹಾಳೆಗೆ ಇಳಿದಿರಬಹುದು. ಅಜ್ಜಿಗಿದ್ದದ್ದು ಮುಪ್ಪಿನ ಮರೆವೇ ಆಗಿದ್ದರೆ ಅದಕ್ಕೆ ದಾಖಲೆ ಹುಡುಕಿ. ಮೂರನೆಯದು ಕಾರಣದ ಅಂಕಣ. “ಸೇವೆಗೆ ಸಂಬಂಧಿಸಿದ್ದಲ್ಲ, ಶರೀರ ಪ್ರಕೃತಿಯಿಂದ ಬಂದದ್ದು” ಎಂಬ ಒಂದೇ ಸಾಲು ಕಂಡರೆ ಬೇಸರಪಡಬೇಡಿ. ಕಾರಣ ಬರೆಯದ ಬೋರ್ಡಿನ ಮೇಲೆ ಪಿಂಚಣಿ ನಿರಾಕರಣೆ ನಿಲ್ಲದು ಎಂದು ರಾಜುಮೋನ್ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ಸ್ಕಿಜೋಫ್ರೇನಿಯಾದ್ದೇ.

ಇಲ್ಲೊಂದು ಎಚ್ಚರಿಕೆ. 2013ರ ಧರಮ್‌ವೀರ್ ಸಿಂಗ್ ತೀರ್ಪನ್ನು ನಕಲು ಹೊಡೆದು ಅರ್ಜಿ ಕೈಗಿಡುವ ವಕೀಲರಿದ್ದಾರೆ. ಸೇರುವಾಗ ಕಾಯಿಲೆ ನಮೂದಾಗಿಲ್ಲದಿದ್ದರೆ ಅದು ಸೇವೆಯಿಂದಲೇ ಬಂತೆಂದು ಭಾವಿಸಬೇಕು ಎಂಬ ಆ ತತ್ವ 1982ರ ಅರ್ಹತಾ ನಿಯಮಗಳ ಮೇಲೆ ನಿಂತದ್ದು. ನಿಮ್ಮ ತಮ್ಮನಿಗೆ ಅನ್ವಯಿಸುವುದು 2008ರ ನಿಯಮಗಳು. ಸೇವೆಯಲ್ಲಿದ್ದಾಗ ಕಾಣಿಸಿತು ಎಂಬುದೊಂದೇ ಸಾಲದು ಎಂದು ಅವು ನೇರವಾಗಿ ಹೇಳುತ್ತವೆ. ಸಾಲದ್ದಕ್ಕೆ 2019ರಲ್ಲಿ ನರಸಿಂಗ್ ಯಾದವ್ ಪ್ರಕರಣದಲ್ಲಿ, ಸ್ಕಿಜೋಫ್ರೇನಿಯಾವನ್ನು ಸೇರುವಾಗಿನ ಪರೀಕ್ಷೆಯಲ್ಲಿ ಪತ್ತೆಮಾಡಲಾಗದಿರಬಹುದು ಎಂದು ಕೋರ್ಟು ಸೈನಿಕನ ಕೋರಿಕೆಯನ್ನು ತಳ್ಳಿಹಾಕಿತು. ಆದ್ದರಿಂದ ಅರ್ಜಿಯ ಬೆನ್ನೆಲುಬು ರಜೆ ಮತ್ತು ಜಾಗದ ಸಂಗತಿಗಳೇ ಆಗಬೇಕು. 2008ರ ನಿಯಮದಲ್ಲಿ ಇನ್ನೊಂದು ಗಡುವೂ ಇದೆ: ಬಿಡುಗಡೆಯಾಗಿ 15 ವರ್ಷದ ನಂತರ ಕೇಳಿದರೆ ರುಜುವಾತಿನ ಭಾರ ಕೇಳಿದವನ ಮೇಲೆಯೇ ಬೀಳುತ್ತದೆ. ನಿಮಗದು 2032.

ಪಿಂಚಣಿ ನಿರಾಕರಣೆಯ ವಿರುದ್ಧದ ಮೊದಲ ಮೇಲ್ಮನವಿಗೆ ಆರು ತಿಂಗಳ ಅವಕಾಶವಿತ್ತು, ಅದು ಎಂದೋ ಮುಗಿದಿದೆ. ಹಾಗಿದ್ದರೂ ರೆಕಾರ್ಡ್ಸ್ ಮೂಲಕ ಸಲ್ಲಿಸಿ, ವಿಳಂಬಕ್ಕೆ ಕಾರಣವನ್ನು, ಅಂದರೆ ಕಾಯಿಲೆ, ಚಿಕಿತ್ಸೆ, ತಿಳಿವಳಿಕೆಯ ಕೊರತೆಯನ್ನು, ತಾರೀಖು ಸಹಿತ ಬರೆಯಿರಿ. ತಡವಾಯಿತೆಂದು ತಿರಸ್ಕರಿಸಿದರೆ ಆ ಪತ್ರವೇ ಮುಂದೆ ಕೆಲಸಕ್ಕೆ ಬರುತ್ತದೆ. ಆರು ತಿಂಗಳು ಉತ್ತರವೇ ಬಾರದಿದ್ದರೂ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕಕ್ಕೆ ಕೊಚ್ಚಿ ಪೀಠ. ಪಿಂಚಣಿ ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯವಾದ್ದರಿಂದ ವಿಳಂಬವೊಂದೇ ಅಡ್ಡಿಯಾಗದು ಎಂಬುದು ತರ್ಸೆಮ್ ಸಿಂಗ್ ಪ್ರಕರಣದ 2008ರ ತೀರ್ಪು. ಆದರೆ ಬಾಕಿ ಸಿಗುವುದು ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷದ್ದು ಮಾತ್ರ. ಬಿಡುಗಡೆಯ ಆದೇಶವನ್ನೇ ರದ್ದು ಮಾಡಿ ಎಂಬ ಕೋರಿಕೆಗೆ ಈ ರಿಯಾಯಿತಿ ಇಲ್ಲ.

ಹಣದ ಲೆಕ್ಕ: ಅಂಗವೈಕಲ್ಯ 100 ಶೇಕಡ ಇದ್ದರೆ ಕೊನೆಯ ವೇತನದ 30 ಶೇಕಡ, 50 ಇದ್ದರೆ 15. ಬೋರ್ಡು 30 ಅಥವಾ 40 ಎಂದು ಬರೆದಿದ್ದರೂ, ಸೇವಾ ಸಂಬಂಧ ಸಾಬೀತಾದರೆ ಅದನ್ನು 50 ಎಂದೇ ಎಣಿಸುತ್ತಾರೆ. ಇದರ ಜೊತೆಗೆ ಸೇವಾ ಭಾಗದ ಪಿಂಚಣಿ ಬೇರೆ. 20ಕ್ಕಿಂತ ಕಡಿಮೆ ಬರೆದಿದ್ದರೆ 2014ರ ಸುಖ್‌ವಿಂದರ್ ಸಿಂಗ್ ತೀರ್ಪು ತೋರಿಸಿ: ಬೋರ್ಡ್ ಔಟ್ ಮಾಡಿದಿರೆಂದರೆ 20ಕ್ಕಿಂತ ಹೆಚ್ಚಿತ್ತೆಂದೇ ಅರ್ಥ.

ಪುನರ್‌ಪರಿಶೀಲನಾ ಮಂಡಳಿ ಕೇಳುವ ಮುನ್ನ ತಮ್ಮನ ಜೊತೆ ಕೂತು ಮಾತಾಡಿ. ಹಳೆಯ ದಿನಗಳ ಬಗ್ಗೆ ಕೆದಕಿ ಪ್ರಶ್ನೆ ಕೇಳುತ್ತಾರೆ, ಮತ್ತೆ ಆಸ್ಪತ್ರೆಯಲ್ಲಿರಿಸಿ ಗಮನಿಸಲೂಬಹುದು. ಮಂಡಳಿ ಹಳೆಯ ಹೆಸರನ್ನೇ ಎತ್ತಿಹಿಡಿದರೆ ಮೊದಲ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ರಜೆಯ ವಾದಕ್ಕೆ ಇದರ ಅಗತ್ಯವಿಲ್ಲ, ಅದು ಕಾಗದದ ಮೇಲೆಯೇ ನಡೆಯುತ್ತದೆ. ಈ ಓಡಾಟದ ನಡುವೆ ನಿದ್ದೆ ಕೆಡುವುದು, ಸಂಶಯ ಮರುಕಳಿಸುವುದು ಕಂಡರೆ ಕೇಸಿಗೆ ಹಾನಿಯೆಂದು ಮುಚ್ಚಿಡದೆ ವೈದ್ಯರಿಗೆ ತೋರಿಸಿ, ಮಾತ್ರೆ ಬರೆದುಕೊಟ್ಟರೆ ನುಂಗಲಿ. ಪಿಂಚಣಿಯ ವಾದಕ್ಕೆ ಅದರಿಂದ ಕುಂದಿಲ್ಲ. ಅರ್ಜಿಯ ನಮೂನೆಗೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಹೋಗುವಾಗ ಡಿಸ್ಚಾರ್ಜ್ ಬುಕ್ ಮತ್ತು 2017ರ ನಿರಾಕರಣೆ ಪತ್ರದ ಮೂಲಪ್ರತಿ ಕೈಯಲ್ಲಿರಲಿ, ಅಲ್ಲಿ ಬಿಟ್ಟುಬರುವುದು ನಕಲು ಮಾತ್ರ.

— ಸಂ.