ಕುದಿಸಿದ ನೀರಿನ ಬಗ್ಗೆ, ಹೊಸದಾಗಿ ಬರುವವರಿಗೆ

ಮುಂದಿನ ತಿಂಗಳು ಕೈಗೂಸಿನೊಂದಿಗೆ ನಾರ್ತ್ ಕೆರೊಲೈನಾಕ್ಕೆ ಬರಲಿರುವ ನೀವು ಅಲ್ಲಿಯ ನಲ್ಲಿ ನೀರನ್ನು ಹಾಗೆಯೇ ಕುಡಿಯಬಹುದೇ, ಕುದಿಸಿದರೆ ಸಾಕೇ, ಫಿಲ್ಟರ್ ಬೇಕೇ ಎಂದು ಕೇಳಿದ್ದೀರಿ. ರೋಗಾಣುಗಳ ಮಟ್ಟಿಗೆ ನಗರದ ನಲ್ಲಿ ನೀರಿಗೆ ಹೆದರಬೇಕಿಲ್ಲ. ಸ್ನಾನಕ್ಕೂ ಯೋಚನೆ ಬೇಡ. ನಾನು ಹೇಳಹೊರಟಿರುವ ಪಿಎಫ್‌ಎಎಸ್ ಎಂಬ ರಾಸಾಯನಿಕಗಳು ಚರ್ಮದ ಮೂಲಕ ಒಳಸೇರುವುದು ತೀರಾ ಕಡಿಮೆ. ‘ಕುದಿಸಿದರೆ ಸಾಕೇ’ ಎಂಬ ಮಾತಿಗೆ ಮಾತ್ರ ಒಂದೇ ಸಾಲಿನಲ್ಲಿ ಉತ್ತರಿಸಿ ಸುಮ್ಮನಾಗಲು ನನ್ನಿಂದಾಗದು.

2011ರಲ್ಲಿ ನಾವು ಬಂದಾಗ ಊರ ಹೊರಗೆ, ಸ್ವಂತ ಕೊಳವೆ ಬಾವಿಯಿದ್ದ ಮನೆಯೊಂದು ಬಾಡಿಗೆಗೆ ಸಿಕ್ಕಿತು. ನೀರು ತಿಳಿಯಾಗಿತ್ತು, ರುಚಿಯಾಗಿಯೂ ಇತ್ತು. ಆದರೂ ಕುದಿಸದ ನೀರನ್ನು ಮಗುವಿಗೆ ಕೊಡುವುದೆಂದರೆ ಹೇಗೆ ಮನಸ್ಸು ಬರುತ್ತದೆ, ನಿಮಗೇ ಗೊತ್ತು. ದಿನವೂ ಬೆಳಿಗ್ಗೆ ಸ್ಟೀಲಿನ ಪಾತ್ರೆಯ ತುಂಬ ನೀರಿಟ್ಟು, ಇಪ್ಪತ್ತು ನಿಮಿಷ ಮರಳಿಸಿ, ಆರಿಸಿ, ಅದರಲ್ಲೇ ಮಗಳಿಗೆ ಪುಡಿ ಹಾಲು ಕಲಸುತ್ತಿದ್ದೆ. ಪಾತ್ರೆಯ ಒಳಗೋಡೆಯಲ್ಲಿ, ನೀರು ಇಳಿದಂತೆಲ್ಲ ಸುಣ್ಣದ ಬಿಳಿ ಗೆರೆಗಳು ಒಂದರ ಕೆಳಗೊಂದು ಮೂಡುತ್ತಿದ್ದವು. ಅವುಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದೆನೇ ಹೊರತು, ಆವಿಯಾಗಿ ಹೋದದ್ದು ನೀರು ಮಾತ್ರ, ಅದರಲ್ಲಿ ಕರಗಿದ್ದೆಲ್ಲ ಪಾತ್ರೆಯಲ್ಲೇ ಉಳಿದಿದೆ ಎಂದು ಆ ಗೆರೆಗಳು ಹೇಳುತ್ತಿದ್ದುದು ನನಗೆ ತಿಳಿಯಲಿಲ್ಲ.

2017ರಲ್ಲಿ ಇದೇ ರಾಜ್ಯದ ಕೇಪ್ ಫಿಯರ್ ನದಿಯ ನೀರಿನಲ್ಲಿ ಜೆನ್ಎಕ್ಸ್ ಎಂಬ ರಾಸಾಯನಿಕ ಇರುವ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ನಾವೂ ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದೆವು. ವರದಿಯಲ್ಲಿ ಪಿಎಫ್‌ಒಎಸ್ ಎಂಬ ರಾಸಾಯನಿಕವೊಂದೇ, ಲಕ್ಷ ಕೋಟಿ ಪಾಲು ನೀರಿಗೆ ನಲವತ್ತಾರು ಪಾಲು ಇತ್ತು. ಆಗಲೇ ಹೇಳಿದ ಪಿಎಫ್‌ಎಎಸ್ ಎಂಬುದು ಇಂಥವೆಲ್ಲಕ್ಕೂ ಸೇರಿ ಇರುವ ಹೆಸರು. 1940ರ ದಶಕದಿಂದ ಅಂಟದ ಬಾಣಲೆ, ನೀರು ಹೀರದ ಬಟ್ಟೆ, ಬೆಂಕಿ ನಂದಿಸುವ ನೊರೆ ಮುಂತಾದವುಗಳಲ್ಲಿ ಬಳಕೆಯಲ್ಲಿರುವ ಇವುಗಳಲ್ಲಿ ಇಂಗಾಲ ಮತ್ತು ಫ್ಲೋರಿನ್‌ಗಳ ಬಂಧ ಎಷ್ಟು ಬಿಗಿಯೆಂದರೆ, ಒಲೆಯ ಶಾಖಕ್ಕೆ ಅದು ಜಗ್ಗುವುದೇ ಇಲ್ಲ. ಕುದಿಸಿದಷ್ಟೂ ನೀರು ಕಡಿಮೆಯಾಗಿ ಇವುಗಳ ಸಾಂದ್ರತೆ ಹೆಚ್ಚುತ್ತದೆ. ಅಂದರೆ ಮಗುವಿನ ಮೇಲಿನ ಅಕ್ಕರೆಯಿಂದಲೇ ನಾನು ಆ ನೀರನ್ನು ಇನ್ನಷ್ಟು ಕೆಡಿಸಿ ಕೊಡುತ್ತಿದ್ದೆ. ಮಗಳು ಆರೋಗ್ಯವಾಗಿದ್ದಾಳೆ. ಆದರೆ ಪಿಎಫ್‌ಒಎಸ್‌ನ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಲು ವರ್ಷಗಳೇ ಬೇಕೆಂದು ಓದಿದ ರಾತ್ರಿಯನ್ನು ನಾನು ಇಂದಿಗೂ ಮರೆತಿಲ್ಲ.

ಆದ್ದರಿಂದ ಫಿಲ್ಟರ್ ಕೊಳ್ಳುವ ಮೊದಲು ನಿಮ್ಮ ನೀರು ಎಲ್ಲಿಯದೆಂದು ತಿಳಿದುಕೊಳ್ಳಿ. ನಗರದ ಸರಬರಾಜಾದರೆ ಪ್ರತಿವರ್ಷ ಜುಲೈ 1ರೊಳಗೆ ಗುಣಮಟ್ಟದ ವರದಿ ಬರುತ್ತದೆ. ಅದನ್ನು ಜಾಹೀರಾತೆಂದು ಎಸೆಯಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ಇದೇ ಗುಂಪಿನ ಪಿಎಫ್‌ಒಎ ಮತ್ತು ಪಿಎಫ್‌ಒಎಸ್‌ಗಳಿಗೆ ತಲಾ ಲಕ್ಷ ಕೋಟಿಗೆ 4 ಪಾಲಿನ ಮಿತಿಯನ್ನು ಗೊತ್ತುಪಡಿಸಿತು. ಅದನ್ನು ಪಾಲಿಸಲು ಕೊಟ್ಟ ಗಡುವು 2029. ಅದನ್ನು 2031ಕ್ಕೆ ಮುಂದೂಡುವ ಇರಾದೆಯನ್ನು ಸಂಸ್ಥೆ 2025ರ ಮೇ ತಿಂಗಳಿನಲ್ಲಿ ಪ್ರಕಟಿಸಿದೆ. ನಿಮ್ಮ ಮಗು ಅಲ್ಲಿಯವರೆಗೆ ಕಾಯಲಾಗದು. ಖಾಸಗಿ ಬಾವಿಗಳಿಗಂತೂ ಈ ನಿಯಮ ಅನ್ವಯಿಸುವುದೇ ಇಲ್ಲ. ಅಂಥ ಮನೆ ಸಿಕ್ಕರೆ, ಮಾಲೀಕರು ಎಷ್ಟೇ ಹೊಗಳಲಿ, ಪಿಎಫ್‌ಎಎಸ್ ಅಳೆಯಲು ಅದೇ ಸಂಸ್ಥೆ ರೂಪಿಸಿದ 533 ಅಥವಾ 537.1 ವಿಧಾನದಲ್ಲಿ ಪರೀಕ್ಷಿಸುವ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ನೀರು ಕಳಿಸಿ.

ಮನೆಯಲ್ಲಿ ಕೆಲಸಕ್ಕೆ ಬರುವವು ಮುಖ್ಯವಾಗಿ ಎರಡು. ಸಿಂಕಿನ ಕೆಳಗೆ ಕೂರಿಸುವ ಆರ್‌ಒ ಇವುಗಳ ಬಹುಪಾಲನ್ನು ತಡೆಯುತ್ತದೆ, ಒಂದಿಷ್ಟು ನೀರನ್ನು ಚರಂಡಿಗೂ ಹರಿಸುತ್ತದೆ. ನೀರನ್ನು ಲೆಕ್ಕವಿಟ್ಟು ಬಳಸಿ ಬೆಳೆದ ನನಗೆ ಅದು ಈಗಲೂ ಸಂಕಟವೇ. ಸಕ್ರಿಯ ಇದ್ದಿಲಿನ ಫಿಲ್ಟರ್ ಅಗ್ಗ, ಆದರೆ ಇದ್ದಿಲಿಗೆ ಹಿಡಿದಿಟ್ಟುಕೊಳ್ಳುವ ಶಕ್ತಿ ತೀರಿದ ಮೇಲೆ ರುಚಿಯಲ್ಲಿ ಏನೂ ವ್ಯತ್ಯಾಸ ಕಾಣದೆಯೇ ರಾಸಾಯನಿಕ ದಾಟಿ ಬರುತ್ತದೆ, ಅದರಲ್ಲೂ ಇಂಗಾಲದ ಸರಪಳಿ ಚಿಕ್ಕದಿರುವ ಅಣುಗಳು ಮೊದಲು. ಪೆಟ್ಟಿಗೆಯ ಮೇಲೆ ಫಿಲ್ಟರ್‌ಗಳ ಗುಣಮಟ್ಟ ಸೂಚಿಸುವ ಎನ್‌ಎಸ್‌ಎಫ್ 53 ಅಥವಾ 58 ಎಂಬ ಸಂಖ್ಯೆಯಿದ್ದರಷ್ಟೇ ಸಾಲದು, ಪಿಎಫ್‌ಎಎಸ್ ತಗ್ಗಿಸುತ್ತದೆಂದು ಅದರಡಿಯಲ್ಲಿ ಸ್ಪಷ್ಟವಾಗಿ ನಮೂದಾಗಿರಬೇಕು. ಬರೀ 42 ಎಂದಿರುವುದು ರುಚಿ, ವಾಸನೆ, ಕ್ಲೋರಿನ್‌ಗೆ ಸಂಬಂಧಿಸಿದ್ದು. ಫ್ರಿಜ್ಜಿನೊಳಗಿನ ಎಷ್ಟೋ ಫಿಲ್ಟರ್‌ಗಳು ಅಷ್ಟಕ್ಕೇ ಸೀಮಿತ. ನೇರಳಾತೀತ ದೀಪವನ್ನು ನಂಬಬೇಡಿ, ಅದು ರೋಗಾಣುಗಳಿಗಷ್ಟೇ.

ಪುಡಿ ಹಾಲಿಗೆ ವೈದ್ಯರು ನೀರು ಕುದಿಸಲು ಹೇಳಿದರೆ ಆರ್‌ಒದಿಂದ ಬಂದ ನೀರನ್ನೇ ಕುದಿಸಿ. ಫಿಲ್ಟರ್ ಬದಲಾಯಿಸುವ ದಿನವನ್ನು ಎಲ್ಲಾದರೂ ಬರೆದಿಡಿ. ನಮ್ಮ ಮನೆಯಲ್ಲಿ ಸಿಂಕಿನ ಕೆಳಗಿನ ಬಾಗಿಲ ಒಳಬದಿಗೆ ಅದನ್ನು ಬರೆಯುವುದು ಈಗ ಮಗಳ ಕೆಲಸ.