ಏರಿನಲ್ಲಿ ಎಳೆತ ಕಳೆದುಕೊಳ್ಳುವ ಎಸ್‌ಯುವಿ

ಪ್ರಶ್ನೆ: ನನ್ನ ಡೀಸೆಲ್ ಎಸ್‌ಯುವಿ ಒಂದು ಲಕ್ಷ ಕಿಲೋಮೀಟರ್ ಓಡಿದೆ. ಒಂದು ತಿಂಗಳಿನಿಂದ ಏರು ಹತ್ತುವಾಗ ಇದ್ದಕ್ಕಿದ್ದಂತೆ ಪಿಕಪ್ ಬಿದ್ದುಹೋಗುತ್ತಿದ್ದು, ಎಂಜಿನ್ 2,500 ಆರ್‌ಪಿಎಂ ದಾಟುವುದಿಲ್ಲ. ಚೆಕ್ ಎಂಜಿನ್ ದೀಪದೊಂದಿಗೆ ಟ್ರ್ಯಾಕ್ಷನ್ ಕಂಟ್ರೋಲ್ ದೀಪವೂ ಹೊತ್ತಿಕೊಳ್ಳುತ್ತದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಸ್ಕ್ಯಾನರ್‌ನಲ್ಲಿ ಪಿ0299 ಎಂಬ ಕೋಡ್ ಬಂದಿತ್ತು. ಮೆಕ್ಯಾನಿಕ್ ಅದನ್ನು ಅಳಿಸಿ, ಮತ್ತೆ ಬಂದರೆ ಟರ್ಬೊ ಬದಲಿಸಬೇಕು ಎಂದಿದ್ದಾರೆ. ಬದಲಿಸಲೇಬೇಕೇ?

ಉತ್ತರ: ಈಗಲೇ ಒಪ್ಪಿಕೊಳ್ಳಬೇಡಿ. ಟರ್ಬೊ ಒದಗಿಸಬೇಕಾದ ಗಾಳಿಯ ಒತ್ತಡ ಎಂಜಿನ್ನಿಗೆ ಸಿಗಲಿಲ್ಲ ಎಂಬುದಷ್ಟೇ ಪಿ0299ರ ಅರ್ಥ. ಏಕೆ ಸಿಗಲಿಲ್ಲ ಎಂಬುದನ್ನು ಆ ಕೋಡ್ ಹೇಳುವುದಿಲ್ಲ. ಕೊರತೆ ಕಂಡೊಡನೆ ಎಂಜಿನ್ನಿನ ಕಂಪ್ಯೂಟರ್ ಹಾನಿಯನ್ನು ತಪ್ಪಿಸಲು ಶಕ್ತಿಯನ್ನು ತಾನಾಗಿಯೇ ಮಿತಿಗೊಳಿಸುತ್ತದೆ. ಇದನ್ನೇ ಲಿಂಪ್ ಮೋಡ್ ಎನ್ನುತ್ತಾರೆ. ಚಕ್ರಗಳು ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ವ್ಯವಸ್ಥೆಯು ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿಯೂ ಕೆಲಸ ಮಾಡುವುದರಿಂದ, ಎಂಜಿನ್ನಿನಲ್ಲಿ ದೋಷ ದಾಖಲಾದಾಗ ಅದೂ ಹಿಂದೆ ಸರಿದು ತನ್ನ ದೀಪವನ್ನು ಹೊತ್ತಿಸುತ್ತದೆ. ಹಾಗಾಗಿ ನಿಮ್ಮಲ್ಲಿ ಎರಡು ತೊಂದರೆಗಳಿರುವ ಸಂಭವ ಕಡಿಮೆ. ಮತ್ತೆ ಸ್ಟಾರ್ಟ್ ಮಾಡಿದಾಗ ಸರಿಯಾದಂತೆ ಕಾಣುವುದು, ಕಂಪ್ಯೂಟರ್ ಹೊಸದಾಗಿ ಪರೀಕ್ಷೆ ಆರಂಭಿಸುವುದರಿಂದಲೇ ಹೊರತು ದೋಷ ವಾಸಿಯಾಗಿರುವುದರಿಂದಲ್ಲ.

ನನ್ನ ಮೊದಲ ಅನುಮಾನ ಟರ್ಬೊದಿಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೂ, ಅಲ್ಲಿಂದ ಎಂಜಿನ್ನಿಗೂ ಹೋಗುವ ಹೋಸ್ ಪೈಪುಗಳ ಮೇಲಿದೆ. ನಿಂತ ಗಾಡಿಯಲ್ಲಿ ಗಟ್ಟಿಯಾಗಿಯೇ ಕಾಣುವ ಪೈಪಿನ ಸಣ್ಣ ಬಿರುಕು, ಏರಿನಲ್ಲಿ ಒತ್ತಡ ಹೆಚ್ಚಿದಾಗ ಬಾಯಿಬಿಟ್ಟು ಗಾಳಿಯನ್ನು ಸೋರಿಸುತ್ತದೆ. ಕ್ಲಾಂಪಿನ ಸುತ್ತ ಹೊಸದಾಗಿ ಎಣ್ಣೆ ಜಿನುಗಿದ್ದರೆ, ಆಕ್ಸಿಲರೇಟರ್ ಒತ್ತಿದಾಗ ಬುಸುಗುಟ್ಟುವ ಶಬ್ದ ಕೇಳಿಸಿದರೆ ಅಥವಾ ಕಪ್ಪು ಹೊಗೆ ಬಂದರೆ ಈ ಅನುಮಾನ ಬಲವಾಗುತ್ತದೆ. ಪೈಪುಗಳು ಸರಿಯಿದ್ದರೆ, ಟರ್ಬೊದ ಒತ್ತಡವನ್ನು ನಿಯಂತ್ರಿಸುವ ಆಕ್ಚುಯೇಟರನ್ನೂ, ಅದು ವ್ಯಾಕ್ಯೂಮ್‌ನಿಂದ (ನಿರ್ವಾತದ ಸೆಳೆತದಿಂದ) ನಡೆಯುವಂಥದ್ದಾದರೆ ಅದರ ತೆಳು ಪೈಪುಗಳನ್ನೂ ನೋಡಿಸಿ. ಏರ್ ಫಿಲ್ಟರ್ ಕಟ್ಟಿಕೊಂಡಿದೆಯೇ ಎಂಬುದನ್ನು ನೀವೇ ನೋಡಬಹುದು. ಟರ್ಬೊವನ್ನೇ ದೂರುವುದು ಇವೆಲ್ಲ ಮುಗಿದ ಮೇಲೆ.

ಕೋಡನ್ನು ಅಳಿಸಿದ್ದು ನನಗೆ ಬೇಸರ ತಂದಿದೆ. ದೋಷ ದಾಖಲಾದ ಕ್ಷಣದ ಆರ್‌ಪಿಎಂ, ವೇಗ, ಎಂಜಿನ್ ಮೇಲಿದ್ದ ಹೊರೆ, ಕೂಲಂಟಿನ ಉಷ್ಣತೆ ಇವೆಲ್ಲವೂ ಕೋಡಿನ ಜೊತೆಗೆ ಫ್ರೀಜ್ ಫ್ರೇಮ್ ಎಂಬ ಹೆಸರಿನಲ್ಲಿ ಉಳಿದಿರುತ್ತವೆ. ಕೋಡ್ ಅಳಿಸಿದರೆ ಆ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಮುಂದಿನ ಬಾರಿ ಅದನ್ನು ಮೊದಲು ಬರೆದಿಟ್ಟುಕೊಳ್ಳಲು ಹೇಳಿ. ಬಳಿಕ ಸ್ಕ್ಯಾನರ್ ಜೋಡಿಸಿಕೊಂಡೇ ಏರಿನಲ್ಲಿ ಓಡಿಸಿ, ಕಂಪ್ಯೂಟರ್ ಕೇಳುತ್ತಿರುವ ಒತ್ತಡವನ್ನೂ ನಿಜವಾಗಿ ಸಿಗುತ್ತಿರುವ ಒತ್ತಡವನ್ನೂ ಒಟ್ಟಿಗೆ ಗಮನಿಸಲಿ. ಪರದೆಯನ್ನು ನೋಡುವವರು ಚಾಲಕರಾಗಿರಬಾರದು.

ದುರಸ್ತಿಯಾಗುವವರೆಗೆ ಓವರ್‌ಟೇಕ್ ಮಾಡಬೇಡಿ. ಎದುರಿನ ಲೇನಿನಲ್ಲಿರುವಾಗ ಎಳೆತ ನಿಂತರೆ ಪ್ರಾಣಕ್ಕೇ ಅಪಾಯ. ನೀಲಿ ಹೊಗೆಯೂ ಸೈರನ್ನಿನಂಥ ಕೂಗೂ ಸೇರಿ ಬಂದರೆ ಮಾತ್ರ ಟರ್ಬೊದ ಬೇರಿಂಗ್ ಸವೆದಿರುವ ಶಂಕೆ ಗಟ್ಟಿಯಾಗುತ್ತದೆ. ಆಗ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋಗಿ. ಎಣ್ಣೆಯ ಒತ್ತಡದ ಕೆಂಪು ದೀಪ ಹೊತ್ತಿದರೂ ಗಾಡಿಯನ್ನು ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು.

ಪ್ರಶ್ನೆ: ನನ್ನದು ಪೆಟ್ರೋಲ್ ಎಸ್‌ಯುವಿ. ಎಂಜಿನ್ ನಡುಗುತ್ತದೆ, ಚೆಕ್ ಎಂಜಿನ್ ದೀಪ ಮಿಣುಕುತ್ತದೆ. ಕೋಡ್ ಪಿ0303.

ಉತ್ತರ: ಮೂರನೇ ಸಿಲಿಂಡರ್ ಮಿಸ್‌ಫೈರ್ ಆಗುತ್ತಿದೆ, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಹಾಗೆಯೇ ಓಡಿಸಿದರೆ ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಸೇರಿ, ಅಲ್ಲಿ ಹೊತ್ತಿಕೊಂಡು ಅದನ್ನು ಕೆಡಿಸುತ್ತದೆ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ವಿದ್ಯುತ್ ಒದಗಿಸುವ ಭಾಗ) ಇದ್ದರೆ, ಮೂರನೆಯದನ್ನು ಎರಡನೆಯದರೊಂದಿಗೆ ಅದಲುಬದಲು ಮಾಡಿಸಿ. ಕೋಡ್ ಪಿ0302ಕ್ಕೆ ಬದಲಾದರೆ ಕೆಟ್ಟಿರುವುದು ಕಾಯಿಲ್. ಬದಲಾಗದಿದ್ದರೆ ಸ್ಪಾರ್ಕ್ ಪ್ಲಗ್ಗನ್ನೂ ನಂತರ ಇಂಜೆಕ್ಟರನ್ನೂ ಪರೀಕ್ಷಿಸಬೇಕು.