ಹಳೇ ಅಮೆರಿಕನ್ ಮಡಚೋ ಚಾಕುಗೆ ಪ್ಲಾಸ್ಟಿಕ್ ಹಿಡಿ ಇದ್ರೆ ಬೆಲೆನೇ ಇಲ್ವಾ?

ಮಾವ ಅಮೆರಿಕದಿಂದ ತಂದ್ಕೊಟ್ಟ ಕೇಸ್ ಕಂಪನಿ ಚಾಕು, ಹಳದಿ ಹಿಡಿ, ಅಲಗಿನ ಬುಡದಲ್ಲಿ 3254 ಅಂತ ನಂಬರು, ಕಂಪನಿ ಹೆಸರಿನ ಕೆಳಗೆ ಏಳು ಚುಕ್ಕೆ, ಫ್ರೆಂಡ್ ನೋಡಿ "ಮೂಳೆ ಹಿಡಿ ಇದ್ರೆ ಮಾತ್ರ ಕಲೆಕ್ಟರ್ಸ್ ತಗೋತಾರೆ, ಇದು ಬರೀ ಪ್ಲಾಸ್ಟಿಕ್ಕು" ಅಂದ್ರು, ಹಂಗಾಗಿ ಹಿಡಿ ಕಿತ್ತು ಮೂಳೆ ಹಾಕಿಸ್ಲಾ ಅಂತ ಕೇಳಿದ್ದೀರ. ಹಾಕಿಸ್ಬೇಡಿ ಸರ್, ದಯವಿಟ್ಟು. ಹಾಕಿಸಿದ ದಿನಾನೇ ಅದರ ಬೆಲೆ ಹೋಯ್ತು ಅನ್ಕೊಳ್ಳಿ.

ನಾನಿರೋದು ಪಿಟ್ಸ್‌ಬರ್ಗ್ ಹತ್ರ, ಕೇಸ್ ಫ್ಯಾಕ್ಟರಿ ಇರೋ ಬ್ರಾಡ್‌ಫರ್ಡ್ ಕೂಡ ಇದೇ ಪೆನ್ಸಿಲ್ವೇನಿಯಾದಲ್ಲೇ, ವೀಕೆಂಡ್ ಬಂದ್ರೆ ಹಳೇ ಸಾಮಾನಿನ ಸಂತೆ ಸುತ್ತೋದು ನನ್ನ ಚಟ, ಮನೆಯವಳು ಬೈಯೋದೂ ಅದಕ್ಕೇ. ನಿಮ್ಮ ನಂಬರಲ್ಲೇ ಅರ್ಧ ಉತ್ತರ ಇದೆ ನೋಡಿ. ಮೊದಲ 3 ಅಂದ್ರೆ ಹಳದಿ ಸಿಂಥೆಟಿಕ್ ಹಿಡಿ, 2 ಅಂದ್ರೆ ಎರಡು ಅಲಗು, 54 ಅಂದ್ರೆ ಟ್ರ್ಯಾಪರ್ ಅನ್ನೋ ಮಾಡೆಲ್ಲು. ಚುಕ್ಕೆ ಲೆಕ್ಕ ಏನಪ್ಪಾ ಅಂದ್ರೆ 1970ರಲ್ಲಿ ಹತ್ತು ಚುಕ್ಕೆ ಹಾಕಿ ಶುರು ಮಾಡಿ ವರ್ಷಕ್ಕೊಂದು ತೆಗೀತಾ ಬಂದ್ರು, ಏಳು ಅಂದ್ರೆ 1973. ಅಂದ್ರೆ ಫ್ಯಾಕ್ಟರಿಯಿಂದ ಹಳದಿ ಹಿಡಿಯಲ್ಲೇ ಹುಟ್ಟಿದ ಚಾಕು ಅದು, ಮೂಳೆ ಹಾಕಿದ್ರೆ ನಂಬರು ಒಂದು ಹೇಳತ್ತೆ ಹಿಡಿ ಇನ್ನೊಂದು ಹೇಳತ್ತೆ. ಹಳದಿ ಕೇಸ್‌ಗೇ ಅಂತ ಒಂದು ಅಭಿಮಾನಿ ಬಳಗ ಇದೆ, ಇಲ್ಲಿನ ರೈತರು ಅದನ್ನೇ ಇಷ್ಟಪಡ್ತಿದ್ರಂತೆ, ಹುಲ್ಲಲ್ಲಿ ಬಿದ್ರೆ ತಕ್ಷಣ ಕಣ್ಣಿಗೆ ಬೀಳತ್ತಲ್ಲ.

ಆದ್ರೆ ನಿಮ್ಮ ಫ್ರೆಂಡ್ ಎಲ್ಲಾನೂ ಒಂದೇ 'ಪ್ಲಾಸ್ಟಿಕ್' ಅಂದ್ಬಿಟ್ರಲ್ಲ, ತಪ್ಪು ಅಲ್ಲಿದೆ. ಹಳೇ ಚಾಕುಗಳಲ್ಲಿ ಭಯ ಪಡ್ಬೇಕಾಗಿರೋದು ಒಂದಕ್ಕೇ, ಸೆಲ್ಯುಲಾಯ್ಡ್. ಹತ್ತಿಗೆ ನೈಟ್ರಿಕ್ ಆಸಿಡ್ ಕುಡಿಸಿ ಅದಕ್ಕೆ ಕರ್ಪೂರ ಸೇರಿಸಿ ಮಾಡೋದು, ಹೌದು ಅದೇ ಕರ್ಪೂರ, ಬಿಲಿಯರ್ಡ್ಸ್ ಚೆಂಡಿಗೆ ಆನೆದಂತದ ಬದಲು ಏನಾದ್ರೂ ಬೇಕು ಅಂತ ಹಯಟ್ ಅನ್ನೋರು 1870ರ ಹೊತ್ತಿಗೆ ಪೇಟೆಂಟ್ ತಗೊಂಡಿದ್ದು. ಎಷ್ಟು ಬಣ್ಣ ಬೇಕಾದ್ರೂ ಬರತ್ತೆ, ಆಮೆಚಿಪ್ಪಿನ ಥರ, ಮುತ್ತಿನ ಥರ, ಕೆಂಪು ಬಿಳಿ ಪಟ್ಟಿ ಮಿಠಾಯಿ ಥರ. ಇವತ್ತಿಗೂ ಅಷ್ಟು ಚೆಂದದ ಹಿಡಿ ಇನ್ನೊಂದಿಲ್ಲ ಅಂತ್ಲೇ ನನ್ನ ಅಭಿಪ್ರಾಯ. ಸಮಸ್ಯೆ ಏನಂದ್ರೆ ವಯಸ್ಸಾದ ಮೇಲೆ ಅದು ತಾನೇ ಕೊಳೆಯೋಕೆ ಶುರು ಮಾಡತ್ತೆ, ಒಳಗಿಂದ ಆಸಿಡ್ ಹೊಗೆ ಬಿಡತ್ತೆ, ತಾನು ಹಾಳಾಗೋದಲ್ದೆ ಪಕ್ಕದಲ್ಲಿರೋ ಚಾಕುಗಳನ್ನೂ ಕೆಡಿಸತ್ತೆ.

ನಾನು ಕಲಿತಿದ್ದು ಪೆಟ್ಟು ತಿಂದೇ. ಆಮೆಚಿಪ್ಪಿನ ಬಣ್ಣದ ಹಿಡಿ ಇದ್ದ ಒಂದು ಹಳೇ ಚಾಕು ಸಿಕ್ಕಿತ್ತು, ಬೆಳಕಿಗೆ ಹಿಡಿದ್ರೆ ಜೇನುತುಪ್ಪ, ಇನ್ನೂ ನಾಲ್ಕು ಚಾಕು ಜೊತೆ ಬಿಸ್ಕೆಟ್ ಡಬ್ಬಿಗೆ ಹಾಕಿ ಗಟ್ಟಿಯಾಗಿ ಮುಚ್ಚಳ ಮುಚ್ಚಿ ಬೇಸ್‌ಮೆಂಟಲ್ಲಿ ಇಟ್ಟು ಊರಿಗೆ ಬಂದೆ. ವಾಪಸ್ ಹೋಗಿ ಡಬ್ಬಿ ತೆಗೆದ್ರೆ ಮೂಗಿಗೆ ಹೊಡೆಯೋ ಹುಳಿ ಘಾಟು. ಹಿಡಿ ಪಿನ್ನಿನ ಸುತ್ತ ಜೇಡರ ಬಲೆ ಥರ ಬಿರುಕು ಬಿಟ್ಟಿತ್ತು, ಒಳಗಿನ ಹಿತ್ತಾಳೆ ತಗಡಿನ ಮೇಲೆ ಹಸಿರು ಪಾಚಿ ಥರ, ಪಕ್ಕದಲ್ಲಿದ್ದ ನಾಲ್ಕರ ಅಲಗೂ ತುಕ್ಕು. ಅವುಗಳಲ್ಲಿ ಎರಡು ಮೂಳೆ ಹಿಡಿಯವು, ಏನೂ ತಪ್ಪು ಮಾಡಿರ್ಲಿಲ್ಲ ಪಾಪ. ಗಾಳಿ ಆಡೋ ಹಂಗೆ ಬೇರೆ ಇಟ್ಟಿದ್ರೆ ಇಷ್ಟು ಆಗ್ತಿರ್ಲಿಲ್ಲ. ಅರೆಪಾರದರ್ಶಕ ಬಣ್ಣದವು ಬೇಗ ಕೈಕೊಡ್ತವೆ ಅಂತ ಆಮೇಲೆ ಹಳಬರೊಬ್ರು ಹೇಳಿದ್ರು, ಮೊದಲೇ ಹೇಳ್ಬಾರ್ದಿತ್ತಾ.

ಡೆಲ್ರಿನ್ ಕಥೆ ಬೇರೆ. ಡುಪಾಂಟ್ ಕಂಪನಿ 1960ರಲ್ಲಿ ಮಾರ್ಕೆಟ್‌ಗೆ ಬಿಟ್ಟ ಪ್ಲಾಸ್ಟಿಕ್ಕು, ಮಷೀನಿನ ಗೇರ್ ಮಾಡೋವಷ್ಟು ಗಟ್ಟಿ. ಶ್ರೇಡ್ ಕಂಪನಿಯ ಓಲ್ಡ್ ಟೈಮರ್ ಚಾಕುಗಳಲ್ಲಿ ಗರಗಸದಿಂದ ಗೀರಿದ ಥರ ಇರೋ ಕಂದು ಹಿಡಿ ಇದೆಯಲ್ಲ, ಅದು ಇದೇ. ಆ ಫ್ಯಾಕ್ಟರಿ 2004ರಲ್ಲಿ ಮುಚ್ಚೋಯ್ತು, ಪ್ಲಾಸ್ಟಿಕ್ ಹಿಡಿ ಅಂತ ಮೂಗು ಮುರೀತಿದ್ದೋರೇ ಈಗ ಅಮೆರಿಕದಲ್ಲಿ ಮಾಡಿದ ಹಳೇದು ಬೇಕು ಅಂತ ಹುಡುಕ್ತಾರೆ. ಕುಗ್ಗಲ್ಲ, ನೀರಿಗೆ ಹೆದರಲ್ಲ, ಸ್ವಲ್ಪ ಮೇಣದ ಥರ ಜಾರತ್ತೆ ಅಷ್ಟೇ. ಇದನ್ನ ಮೂಳೆ ಅಂತ ಮಾರೋರೂ ಇದಾರೆ, ಕೇಸ್ ನಂಬರಲ್ಲಿ 6 ಇದ್ರೆ ಮೂಳೆ ಅಂತ ಕಣ್ಮುಚ್ಚಿ ನಂಬ್ಬೇಡಿ, ಮೂಳೆ ಥರ ಕಚ್ಚು ಹಾಕಿದ ಡೆಲ್ರಿನ್‌ಗೂ ಅದೇ 6 ಹಾಕಿದಾರೆ. ಭೂತಗನ್ನಡಿಲಿ ನೋಡಿ, ನಿಜವಾದ ಮೂಳೆಲಿ ಸೂಜಿ ಚುಚ್ಚಿದಂಗೆ ಸಣ್ಣ ಸಣ್ಣ ತೂತು, ಗೆರೆ ಕಾಣತ್ತೆ, ಡೆಲ್ರಿನ್‌ಲಿ ಏನೂ ಇರಲ್ಲ.

ಮೈಕಾರ್ಟಾ ಅಂತ ಇನ್ನೊಂದಿದೆ, ಬಟ್ಟೆನೋ ಪೇಪರ್ರೋ ರೆಸಿನ್‌ಲಿ ನೆನೆಸಿ ಒತ್ತಿ ಮಾಡೋದು, ಕೈ ಎಣ್ಣೆ ಹತ್ತಿ ಹತ್ತಿ ಬಣ್ಣ ಏರತ್ತೆ, ನಂಗಿಷ್ಟ, ನಿಮಗೆ ಸದ್ಯಕ್ಕೆ ಬೇಡ ಬಿಡಿ.

ಈಗ ನಿಮ್ಮ ಚಾಕು ತಗೊಂಡು ಹಿಡಿ ಮೇಲೆ ಹೆಬ್ಬೆರಳಿಂದ ಬಿಸಿ ಆಗೋವರೆಗೂ ಗಸಗಸ ತಿಕ್ಕಿ ತಕ್ಷಣ ಮೂಸಿ ನೋಡಿ. ದೇವರಮನೆ ಕರ್ಪೂರದ ವಾಸನೆ ಬಂದ್ರೆ ಸೆಲ್ಯುಲಾಯ್ಡ್, ಡಬ್ಬಿಲಿ ಪ್ಲಾಸ್ಟಿಕ್ ಕವರಲ್ಲಿ ಇಡ್ಬೇಡಿ, ಬೇರೆ ಚಾಕು ಜೊತೆನೂ ಬೇಡ, ಬೆಂಕಿ ಹತ್ರ ಅಂತೂ ಬೇಡ್ವೇ ಬೇಡ, ಭಗ್ ಅನ್ನತ್ತೆ. ಬಿಸಿ ಸೂಜಿ ಚುಚ್ಚಿ ನೋಡಿ ಅಂತ ಯಾರಾದ್ರೂ ಸಲಹೆ ಕೊಟ್ರೆ ಅದೇ ಕಾರಣಕ್ಕೆ ಕೇಳ್ಬೇಡಿ. ಕರ್ಪೂರದ ವಾಸನೆ ಬರ್ಲಿಲ್ಲ, ಪಿನ್ನಿನ ಸುತ್ತ ಬಿರುಕೂ ಇಲ್ಲ ಅಂದ್ರೆ ಅಲಗಿಗೆ ಒಂದು ಹನಿ ಎಣ್ಣೆ ಸವರಿ ಆರಾಮಾಗಿ ಮಾವಿನಹಣ್ಣು ಹೆಚ್ಚಿ. ಅಲಗು ಸ್ವಲ್ಪ ನೀಲಿ ಕಪ್ಪು ತಿರುಗಿದ್ರೂ ಪೌಡರ್ ಹಾಕಿ ಉಜ್ಜೋಕೆ ಹೋಗ್ಬೇಡಿ, ಕೊಳ್ಳೋರು ಅದನ್ನೂ ನೋಡ್ತಾರೆ.